ಹದಿನಾರು ಇಂಚು

ಉದ್ದ ನಳಿಗೆ ಒಳ್ಳೆಯದೋ ಗಿಡ್ಡ ನಳಿಗೆ ಒಳ್ಳೆಯದೋ ಎಂದು ಕೇಳಿದವರಿಗೆಲ್ಲ ಬಂದೂಕು ಮೇಸ್ತ್ರಿ ಮೂವತ್ತು ವರ್ಷಗಳಿಂದ ಒಂದೇ ಮಾತು ಹೇಳುತ್ತ ಬಂದಿದ್ದ: "ಯಾವ ತೋಟಾಕ್ಕೆ?" ಕೇಳಿದ್ದಕ್ಕೆ ಉತ್ತರ ಕೊಡದೆ ತಿರುಗಿ ಪ್ರಶ್ನೆ ಹಾಕುವ ಮನುಷ್ಯ ಯಾರಿಗೆ ತಾನೇ ಇಷ್ಟವಾಗುತ್ತಾನೆ? ಗಿರಾಕಿಗಳು ಮುಖ ಗಂಟು ಹಾಕಿಕೊಂಡು ಮುಂದಿನ ಕೋಣೆಗೆ ಹೋಗಿ ಅಂಗಡಿಯ ಯಜಮಾನನನ್ನು ಕೇಳುತ್ತಿದ್ದರು. ಯಜಮಾನ ಎಂದರೆ ಬೇರೆ ಯಾರೂ ಅಲ್ಲ, ಮೇಸ್ತ್ರಿಯ ಹೆಂಡತಿಯ ಅಣ್ಣ. ಗಿರಾಕಿಯ ಮುಖ ನೋಡಿ, ಅವನ ಮನಸ್ಸಿನಲ್ಲಿ ಮೊದಲೇ ಇದ್ದ ಉತ್ತರವನ್ನು ಎತ್ತಿ ಅವನ ಕೈಗೇ ಕೊಡುವುದರಲ್ಲಿ ಭಾವನದು ಎತ್ತಿದ ಕೈ.

ಮನೆಯಲ್ಲೂ ಇದೇ ಕತೆ. ಪಾತ್ರೆ ಅಂಗಡಿಯಲ್ಲಿ ನಿಂತು ಹೆಂಡತಿ ದೊಡ್ಡ ಕುಕ್ಕರ್ ತಗೊಳ್ಳೋಣವೋ ಚಿಕ್ಕದೋ ಎಂದರೆ "ಎಷ್ಟು ಜನಕ್ಕೆ?" ಎನ್ನುತ್ತಿದ್ದ. ಆಗ ಮನೆಯಲ್ಲಿದ್ದವರು ಗಂಡ, ಹೆಂಡತಿ, ಮಗಳು, ಮೂರೇ ಜನ. ಅದು ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ ಕೇಳಿಯೇ ತೀರಬೇಕು. ನಿಮ್ಮ ಬಾಯಿಂದ ಹೌದು ಅಲ್ಲ ಅನ್ನಿಸಬೇಕಾದರೆ ಕೋರ್ಟಿಗೇ ಹೋಗಬೇಕು ಎಂದು ಅವಳು ಅಂಗಡಿಯವನ ಎದುರಿಗೇ ಹೇಳಿ, ತನಗೆ ಬೇಕಾದ ಕುಕ್ಕರನ್ನು ತೆಗೆದುಕೊಂಡು ನಡೆದಿದ್ದಳು.

ಮೇಸ್ತ್ರಿಯ ಸಂಕಟ ಏನೆಂದರೆ, ಅವನು ಹೇಳುತ್ತಿದ್ದುದು ನಿಜ. ತೋಟಾ ಎಂದರೆ ಒಂದು ಲೋಹದ ಕೊಳವೆ. ಹೊಟ್ಟೆಯಲ್ಲಿ ಮದ್ದು, ಬಾಯಲ್ಲಿ ಗುಂಡು. ಸಣ್ಣ ತೋಟಾ ಕಿರುಬೆರಳ ಎರಡು ಗೆಣ್ಣಿನಷ್ಟು. ಅದರೊಳಗಿನ ಮದ್ದು ಒಂದು ಚಿಟಿಕೆಯೂ ಇಲ್ಲ. ಆ ಚಿಟಿಕೆ ಉರಿದು ಗುಂಡನ್ನು ತಳ್ಳುವುದು ಹದಿನಾರು ಹದಿನೆಂಟು ಇಂಚಿನವರೆಗೆ. ಅಷ್ಟರಲ್ಲಿ ಅದರ ದಮ್ಮು ಮುಗಿಯುತ್ತದೆ. ಅಲ್ಲಿಂದ ಮುಂದೆ ನಳಿಗೆ ಎಷ್ಟು ಉದ್ದವಿದ್ದರೂ ಅದು ಗುಂಡನ್ನು ಉಜ್ಜಿ ನಿಧಾನ ಮಾಡುತ್ತದೆಯೇ ಹೊರತು ಮುಂದೆ ನೂಕುವುದಿಲ್ಲ. ದೊಡ್ಡ ತೋಟಾದ ಲೆಕ್ಕವೇ ಬೇರೆ. ಅದು ನಡುಬೆರಳಿನಷ್ಟು ಉದ್ದ, ಒಳಗಿನ ಮದ್ದು ದಪ್ಪ ಕಾಳಿನದು, ನಿಧಾನವಾಗಿ ಉರಿಯುವಂಥದ್ದು. ಅದು ಪೂರ್ತಿ ಉರಿದು ಗುಂಡಿಗೆ ತನ್ನ ಶಕ್ತಿಯನ್ನೆಲ್ಲ ಕೊಡಬೇಕಾದರೆ ಜಾಗ ಬೇಕು. ಜಾಗ ಕೊಡದೆ ನಳಿಗೆಯನ್ನು ಮೊಟಕು ಮಾಡಿದರೆ ಉಳಿದ ಮದ್ದು ಗಾಳಿಯಲ್ಲಿ ಉರಿಯುತ್ತದೆ: ಕಣ್ಣಿಗೆ ಬೆಂಕಿ, ಕಿವಿಗೆ ಸಿಡಿಲು. ಗುಂಡಿಗೆ ಸಿಗಬೇಕಾದದ್ದು ಕಣ್ಣಿಗೂ ಕಿವಿಗೂ ಹಂಚಿಹೋಗುತ್ತದೆ.

ಇದನ್ನು ಹೇಳಲು ಎರಡು ನಿಮಿಷ ಬೇಕು. ಆ ಎರಡು ನಿಮಿಷ ಯಾರ ಹತ್ತಿರವೂ ಇರಲಿಲ್ಲ. ಮೊದಲು ಉದ್ದ ನಳಿಗೆಯ ಹುಚ್ಚಿತ್ತು. ಉದ್ದವಿದ್ದಷ್ಟೂ ಗುಂಡು ದೂರ ಹೋಗುತ್ತದೆಂದು ಇಲಿ ಹೊಡೆಯುವವರೂ ಕೋಲಿನಂಥ ರೈಫಲ್ ಕೇಳುತ್ತಿದ್ದರು. ಆಮೇಲೆ ಗಿಡ್ಡ ನಳಿಗೆಯ ಹುಚ್ಚು ಬಂತು. ಮೊಬೈಲಿನಲ್ಲಿ ಯಾರೋ ಕಪ್ಪು ಕನ್ನಡಕದವನು ಗಿಡ್ಡ ಬಂದೂಕು ಹಿಡಿದು ಓಡಾಡಿದ್ದೇ ತಡ, ಅದನ್ನು ನೋಡಿದವರೆಲ್ಲ ತಮ್ಮ ರೈಫಲ್ ಹೊತ್ತು ತಂದು ಕತ್ತರಿಸಿ ಕೊಡಿ ಎನ್ನತೊಡಗಿದರು. ಮೇಸ್ತ್ರಿ ಯಾವ ತೋಟಾಕ್ಕೆ ಎನ್ನುತ್ತಿದ್ದ, ಅವರು ಎಷ್ಟು ಹೊತ್ತಾಗುತ್ತೆ ಎನ್ನುತ್ತಿದ್ದರು. ಗೋಡೆಗೆ ಹೇಳಿದ್ದರೆ ಅದಾದರೂ ಸುಮ್ಮನೆ ನಿಂತು ಕೇಳುತ್ತಿತ್ತು.

ಅಂಗಡಿ ಇದ್ದದ್ದು ಒಂದು ಕನ್ನಡಕದ ಅಂಗಡಿಗೂ ಸೈಕಲ್ ರಿಪೇರಿಯವನಿಗೂ ನಡುವೆ. ಮುಂದಿನ ಕೋಣೆಯಲ್ಲಿ ಗಾಜಿನ ಬೀರುಗಳು, ಭಾವನ ತಿರುಗುವ ಕುರ್ಚಿ, ಗಿರಾಕಿಗಳಿಗೊಂದು ಸೋಫಾ. ಹಿಂದಿನ ಕೋಣೆಯಲ್ಲಿ ಮೇಸ್ತ್ರಿಯ ಲೇತ್, ಕಬ್ಬಿಣ ಕಚ್ಚಿ ಹಿಡಿಯುವ ವೈಸ್, ಎಣ್ಣೆ ಕುಡಿದು ಕಪ್ಪಾದ ಮರದ ಮೇಜು. ಅದರ ಹಿಂದೆ ಕಿಟಕಿಯೇ ಇಲ್ಲದ ಒಂದು ಉದ್ದನೆಯ ಕೋಣೆ, ಇಪ್ಪತ್ತು ಹೆಜ್ಜೆ ಇರಬಹುದು. ಅದರ ತುದಿಗೆ ಸೂರು ಮುಟ್ಟುವಂತೆ ಮರಳಿನ ಚೀಲ ಒಟ್ಟಿದ್ದರು. ರಿಪೇರಿಯಾದ ಬಂದೂಕನ್ನು ಹಾರಿಸಿ ನೋಡುವುದು ಅಲ್ಲಿ.

ಆ ಕೋಣೆಯಲ್ಲೇ ಹದಿನೈದು ವರ್ಷದ ಹಿಂದೆ ಮೇಸ್ತ್ರಿ ತನ್ನ ಜೀವಮಾನದ ದೊಡ್ಡ ಕೆಲಸ ಮಾಡಿದ್ದ. ವಾರಸುದಾರರಿಲ್ಲದ ಒಂದು ಹಳೆಯ ರೈಫಲ್, ಬಾಯಿ ತುಕ್ಕು ಹಿಡಿದದ್ದು, ಮೂಲೆಯಲ್ಲಿ ಬಿದ್ದಿತ್ತು. ಅದರ ನಳಿಗೆಯನ್ನು ಒಂದೊಂದೇ ಇಂಚು ಕತ್ತರಿಸುತ್ತ, ಪ್ರತಿ ಸಲವೂ ಬಾಯನ್ನು ಲೇತಿನಲ್ಲಿ ನಯಗೊಳಿಸಿ, ಐದೈದು ಗುಂಡು ಹಾರಿಸಿ, ವೇಗ ಅಳೆಯುವ ಪೆಟ್ಟಿಗೆ ತೋರಿಸಿದ ಅಂಕಿ ಬರೆದುಕೊಂಡ. ಇಪ್ಪತ್ತಾರು ಇಂಚಿನಿಂದ ಹದಿನೆಂಟಕ್ಕೆ ಬರುವವರೆಗೆ ವೇಗ ಕಡಿಮೆಯಾಗುವುದಿರಲಿ, ಸ್ವಲ್ಪ ಜಾಸ್ತಿಯೇ ಆಯಿತು. ಹದಿನಾರಕ್ಕೆ ಒಂದು ಕೂದಲೆಳೆಯಷ್ಟು ಇಳಿಯಿತು. ಕೇಳಿ ತಿಳಿದಿದ್ದನ್ನು ಕಣ್ಣಾರೆ ಕಂಡ ಖುಷಿಗೆ ಮೇಸ್ತ್ರಿ ಒಂದು ದಪ್ಪ ಹಾಳೆಯ ಮೇಲೆ ಗೆರೆ ಎಳೆದು ಮುತ್ತಿನಂಥ ಅಕ್ಷರದಲ್ಲಿ ಪಟ್ಟಿ ಬರೆದು ಕೆಳಗೆ ಸಹಿ ಹಾಕಿದ. ಭಾವ ಅದಕ್ಕೆ ಗಾಜಿನ ಕಟ್ಟು ಹಾಕಿಸಿ ತನ್ನ ಕುರ್ಚಿಯ ಹಿಂದೆ ತೂಗುಹಾಕಿದ. ಗಿಡ್ಡ ನಳಿಗೆ ಮಾರಬೇಕಾದಾಗಲೆಲ್ಲ ಅದರ ಕಡೆ ಬೆರಳು ತೋರಿಸುತ್ತಿದ್ದ. ಎಲ್ಲ ಬಂದೂಕಿಗೂ ಅದನ್ನು ತೋರಿಸಬೇಡಿ ಎಂದು ಮೇಸ್ತ್ರಿ ಎಷ್ಟೋ ಸಲ ಹೇಳಿದ. ಇದರಲ್ಲಿ ಸುಳ್ಳು ಯಾವುದಿದೆ ತೋರಿಸು, ಈಗಲೇ ಇಳಿಸ್ತೀನಿ ಎಂದು ಭಾವ ಅಷ್ಟೇ ಸಲ ಹೇಳಿದ. ಸುಳ್ಳು ಯಾವುದೂ ಇರಲಿಲ್ಲ. ಮೇಸ್ತ್ರಿ ಹಲ್ಲು ಕಚ್ಚಿಕೊಂಡು ಒಳಗೆ ಹೋಗುತ್ತಿದ್ದ.

ಹೀಗಿರುವಾಗ ಒಂದು ಸೋಮವಾರ ಮಧ್ಯಾಹ್ನ ಮಗಳು ಬಂದಳು.

ಅವಳು ಕಾಡು ಕಾಯುವ ಕೆಲಸದಲ್ಲಿ ಆರು ವರ್ಷದಿಂದ ಇದ್ದಾಳೆ. ಹನ್ನೆರಡು ಜನರ ತಂಡದಲ್ಲಿ ಅವಳೊಬ್ಬಳೇ ಹೆಂಗಸು. ಎತ್ತರ ಐದು ಅಡಿ, ಅದೂ ಬೂಟು ಸೇರಿ. ಇಲಾಖೆ ಕೊಟ್ಟ ರೈಫಲ್ ದೊಡ್ಡ ತೋಟಾದ್ದು, ನಳಿಗೆಯೇ ಇಪ್ಪತ್ತನಾಲ್ಕು ಇಂಚು. ಹೆಗಲಿಗೆ ಹಾಕಿಕೊಂಡರೆ ಹಿಡಿ ಮೊಣಕಾಲಿಗೆ ಬಡಿಯುತ್ತಿತ್ತು, ನಳಿಗೆಯ ಬಾಯಿ ಮರದ ಕೊಂಬೆಗೆ ತಗಲುತ್ತಿತ್ತು. ತಂಡದವರು ಅವಳಿಗೆ ಅರ್ಧ ಟಿಕೆಟ್ ಎಂದು ಹೆಸರಿಟ್ಟಿದ್ದರು. ಆರು ವರ್ಷದಲ್ಲಿ ಅವಳು ಮೇಲಿನವರಿಗೆ ಬರೆದ ಪತ್ರಗಳಿಗೆ ಲೆಕ್ಕವಿಲ್ಲ. ಬೂಟು ಸರಿಯಿಲ್ಲ, ಟಾರ್ಚು ಉರಿಯಲ್ಲ, ಜೀಪಿನ ಬಾಗಿಲು ಮುಚ್ಚಲ್ಲ. ಒಂದಕ್ಕೂ ಉತ್ತರ ಬಂದಿರಲಿಲ್ಲ.

ಅವತ್ತು ಅವಳು ಬಂದದ್ದು ಉತ್ತರ ಹಿಡಿದುಕೊಂಡೇ. ರೈಫಲನ್ನು ಮೇಜಿನ ಮೇಲೆ ಮಲಗಿಸಿ, ಜೇಬಿನಿಂದ ಕಾಗದ ತೆಗೆದು ಅಪ್ಪನ ಮುಂದೆ ಬಿಡಿಸಿದಳು. ತಂಡದ ಹನ್ನೆರಡೂ ರೈಫಲ್‌ಗಳ ನಳಿಗೆಯನ್ನು ಹದಿನಾರು ಇಂಚಿಗೆ ಇಳಿಸಲು ಸಾಹೇಬರ ಒಪ್ಪಿಗೆ. ಮೊದಲು ಒಂದನ್ನು ಮಾದರಿಗೆ ಮಾಡಬೇಕು, ಸಾಹೇಬರು ಗುರುವಾರ ಖುದ್ದಾಗಿ ಬಂದು ನೋಡುತ್ತಾರೆ. ಸೂಚನೆ ಇವಳದೇ ಎಂದು ಹೆಸರು ಹಾಕಿ ಬರೆದಿತ್ತು. ಮಾದರಿಗೆ ನನ್ನದನ್ನೇ ಮಾಡಿಬಿಡು ಅಪ್ಪ ಎಂದಳು. ಅವಳ ಮುಖದಲ್ಲಿ ಅಂಥ ಕಳೆ ನೋಡಿ ಮೇಸ್ತ್ರಿಗೆ ಬಹಳ ದಿನವಾಗಿತ್ತು. ಭಾವ ಕುರ್ಚಿ ಬಿಟ್ಟು ಎದ್ದು ಬಂದು, ಸೋದರ ಸೊಸೆ ಅಂದ್ರೆ ಹೀಗಿರಬೇಕು ಎಂದು ಅವಳ ಬೆನ್ನು ತಟ್ಟಿದ.

ಮೇಸ್ತ್ರಿ ಎರಡನೆಯ ಹಾಳೆ ತಿರುವಿದ. ಆಧಾರಕ್ಕೆಂದು ಮಗಳು ಕಳಿಸಿದ್ದ ಒಂದು ಫೋಟೋ ಲಗತ್ತಿಸಿದ್ದರು. ಗೆರೆ, ಅಂಕಿ, ಮುತ್ತಿನಂಥ ಅಕ್ಷರ, ಕೆಳಗೆ ಸಹಿ. ಸಹಿ ನೋಡಿದ ಮೇಲೆ ಇದು ಯಾರ ಪಟ್ಟಿ ಎಂದು ಕೇಳುವ ಹಾಗೇ ಇರಲಿಲ್ಲ.

"ಇದು ಸಣ್ಣ ತೋಟಾದ ಪಟ್ಟಿ ಕಣಮ್ಮ," ಎಂದ.

"ಎಲ್ಲಿ ಬರೆದಿದೆ?"

ಎಲ್ಲಿ ಬರೆದಿದೆಯೆಂದು ತೋರಿಸಲು ಮೇಸ್ತ್ರಿ ದಡದಡನೆ ಮುಂದಿನ ಕೋಣೆಗೆ ಹೋದ. ಕುರ್ಚಿ ಸರಿಸಿ, ಕನ್ನಡಕ ಏರಿಸಿ, ಗೋಡೆಯ ಮೇಲಿನ ಕಟ್ಟನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಓದಿದ. ತಲೆಬರಹ: ನಳಿಗೆಯ ಉದ್ದ, ಗುಂಡಿನ ವೇಗ. ತಾರೀಖು ಇತ್ತು. ಅವತ್ತಿನ ಸೆಖೆ ಎಷ್ಟು ಡಿಗ್ರಿ ಎನ್ನುವುದೂ ಇತ್ತು. ತೋಟಾ ಯಾವುದು ಎನ್ನುವುದು ಮಾತ್ರ ಇರಲಿಲ್ಲ. ಅವತ್ತು ಆ ರೈಫಲ್ ಎದುರಿಗೇ ಬಿದ್ದಿತ್ತು, ಸಣ್ಣ ತೋಟಾದ ಡಬ್ಬಿ ಮೇಜಿನ ಮೇಲೇ ಇತ್ತು, ಅಂಗಡಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದದ್ದನ್ನು ಯಾರು ಬರೆಯುತ್ತಾರೆ? ಕಂಡಕಂಡವರನ್ನೆಲ್ಲ ಯಾವ ತೋಟಾಕ್ಕೆ ಎಂದು ಕೇಳಿ ಜೀವ ತಿಂದ ಮಹಾಶಯ, ತಾನು ಬರೆದ ಒಂದೇ ಒಂದು ಪಟ್ಟಿಯಲ್ಲಿ ಅದನ್ನೇ ನುಂಗಿಬಿಟ್ಟಿದ್ದ. ಹದಿನೈದು ವರ್ಷ ದಿನಕ್ಕೆ ಹತ್ತು ಸಲ ಅದರ ಕೆಳಗೇ ಓಡಾಡಿದ್ದ.

ಅವನಿಗೆ ಮೈಯೆಲ್ಲ ಉರಿಯಿತು. ಹಿಂದಿನ ಕೋಣೆಗೆ ವಾಪಸ್ ಬಂದು ಮೊದಲು ಭಾವನ ಮೇಲೆ ಹರಿಹಾಯ್ದ. ಇದನ್ನು ಗೋಡೆಗೆ ಹಾಕಬೇಡಿ ಎಂದು ಬಡಿದುಕೊಂಡಿರಲಿಲ್ಲವೇ? ಭಾವ, ಸಹಿ ಯಾರದಪ್ಪಾ ಎಂದ. ಆಮೇಲೆ ಸಿಟ್ಟು ಮಗಳ ಕಡೆ ತಿರುಗಿತು. ಬಂದೂಕು ಮೇಸ್ತ್ರಿಯ ಮಗಳಾಗಿ, ಎಣ್ಣೆ ವಾಸನೆಯಲ್ಲೇ ಬೆಳೆದವಳಾಗಿ, ಕಾಗದ ಕಳಿಸುವ ಮೊದಲು ಅಪ್ಪನಿಗೆ ಒಂದು ಫೋನ್ ಮಾಡಬಾರದಿತ್ತೇ? ಗುರುವಾರದೊಳಗೆ ವಾಪಸ್ ತಗೋ, ತಪ್ಪಾಗಿದೆ ಅಂತ ಬರಿ ಎಂದು ಗದರಿದ.

ಮಗಳ ಮುಖ ಕೆಂಪಗಾಯಿತು. ಆರು ವರ್ಷಕ್ಕೆ ಒಂದು ಕಾಗದಕ್ಕೆ ಸಹಿ ಬಿದ್ದಿದೆ, ಅದನ್ನೂ ತಪ್ಪು ಎಂದು ವಾಪಸ್ ತೆಗೆದುಕೊಂಡರೆ ಮುಂದೆ ತನ್ನ ಕಾಗದವನ್ನು ಯಾರೂ ಕಣ್ಣೆತ್ತಿ ನೋಡುವುದಿಲ್ಲ, ಅರ್ಧ ಟಿಕೆಟ್‌ಗೆ ಅರ್ಧ ತಲೆ ಎಂದು ನಗುತ್ತಾರೆ ಎಂದಳು. ನಗಲಿ ಬಿಡು, ನಕ್ಕರೆ ಯಾರೂ ಸಾಯುವುದಿಲ್ಲ ಎಂದ ಮೇಸ್ತ್ರಿ. ಆಗ ಅವಳು ದನಿ ತಗ್ಗಿಸಿದಳು.

"ಹೋದ ವರ್ಷ ನನ್ನ ಜೊತೆಗಾರನ ತೊಡೆ ಸೀಳಿತಲ್ಲ, ಬೇಲಿ ತಂತಿ ತಗಲಿತು ಅಂತ ಹೇಳಿದ್ದೆ. ತಂತಿ ಅಲ್ಲ ಅಪ್ಪ. ಗಾಯಗೊಂಡ ಕಾಡುಹಂದಿ. ಪೊದೆಯೊಳಗೆ ನಾನು ಮುಂದಿದ್ದೆ. ಅದು ಪಕ್ಕದಿಂದ ಬಂತು. ತಿರುಗಿಸೋಣ ಅಂದ್ರೆ ಬ್ಯಾರಲ್ಲು ಬಳ್ಳಿಗೆ ಸಿಕ್ಕಿಕೊಂಡಿತು. ಎಳೀತಾನೇ ಇದ್ದೆ. ಅಷ್ಟರಲ್ಲಿ ಅದು ಅವನ ಮೇಲೆ ಹೋಯ್ತು."

ಭಾವ ಮೆಲ್ಲಗೆ ಮುಂದಿನ ಕೋಣೆಗೆ ಸರಿದ. ಮೇಸ್ತ್ರಿ ವೈಸಿನ ಹಿಡಿಯನ್ನು ಸುಮ್ಮನೆ ತಿರುಗಿಸುತ್ತ ನಿಂತ. ಮೂವತ್ತು ವರ್ಷ ಅವನು ತೋಟಾದ ಬಗ್ಗೆ ಕೇಳಿದ್ದ, ಮದ್ದಿನ ಬಗ್ಗೆ ಕೇಳಿದ್ದ. ಬಂದೂಕು ಹಿಡಿದವರು ನಿಂತಿರುವುದು ಎಂಥ ಜಾಗದಲ್ಲಿ ಎಂದು ಒಬ್ಬರನ್ನೂ ಕೇಳಿದವನಲ್ಲ. ಹಾಗೆಂದು ಮದ್ದಿನ ಲೆಕ್ಕ ಸುಳ್ಳಾಗುತ್ತದೆಯೇ? ಇಲ್ಲ. ಅದೇ ಅವನ ಸಂಕಟ. ಉದ್ದ ಇಟ್ಟರೆ ಬಳ್ಳಿಗೆ ಸಿಕ್ಕುತ್ತದೆ, ಗಿಡ್ಡ ಮಾಡಿದರೆ ಕಣ್ಣು ಕಿವಿ ಎರಡೂ ಹೋಗುತ್ತವೆ, ಮತ್ತು ಈ ಎರಡರ ನಡುವೆ ನಿಂತಿರುವುದು ತನ್ನ ಮಗಳು.

ಕೊನೆಗೆ ಅವನು ಒಂದು ದಾರಿ ಹೇಳಿದ. ಇಪ್ಪತ್ತು ಇಂಚಿಗೆ ಮಾಡೋಣ. ನಾಲ್ಕು ಇಂಚು ಕಡಿಮೆಯಾದರೆ ಪೊದೆಯಲ್ಲಿ ತಿರುಗುತ್ತದೆ, ವೇಗ ಇಳಿದರೂ ಹತ್ತಿರದ ಹೊಡೆತಕ್ಕೆ ಸಾಕು, ಬೆಂಕಿಯೂ ತಡೆದುಕೊಳ್ಳುವಷ್ಟಿರುತ್ತದೆ. ಮಗಳು ಒಪ್ಪಿದಳು, ಆದರೆ ಸಾಹೇಬರು ಒಪ್ಪಬೇಕಲ್ಲ. ಹದಿನಾರು ಎಂದು ಸಹಿ ಹಾಕಿದವರು ಇಪ್ಪತ್ತಕ್ಕೆ ಯಾಕೆ ಬರಬೇಕು ಎಂದು ಕೇಳಿದರೆ ತೋರಿಸಲು ಅಂಕಿ ಬೇಕು.

ಬುಧವಾರ ಬೆಳಗ್ಗೆ ಅಪ್ಪ ಮಗಳು ಉದ್ದ ಕೋಣೆಗೆ ಇಳಿದರು. ಅವಳ ರೈಫಲ್ಲೇ. ಮೊದಲು ಇಪ್ಪತ್ತನಾಲ್ಕು ಇಂಚಿಗೆ ಐದು ಗುಂಡು: ಸೆಕೆಂಡಿಗೆ ಎರಡು ಸಾವಿರದ ಏಳುನೂರು ಅಡಿ. ಆಮೇಲೆ ಗುರಿ ಹಿಡಿಯಲು ನಳಿಗೆಯ ತುದಿಗಿದ್ದ ಗುರಿಕಡ್ಡಿ ಕಳಚಿ, ಎರಡು ಇಂಚು ಗರಗಸದಲ್ಲಿ ಕತ್ತರಿಸಿ, ಲೇತಿಗೆ ಹಾಕಿ ಬಾಯಿ ಸರಿಮಾಡಿದ. ಒಂದೊಂದು ಸಲಕ್ಕೆ ಒಂದು ಗಂಟೆ ಹಿಡಿಯುತ್ತಿತ್ತು. ಇಪ್ಪತ್ತೆರಡಕ್ಕೆ ಎರಡು ಸಾವಿರದ ಆರುನೂರ ಐವತ್ತೈದು. ಇಪ್ಪತ್ತಕ್ಕೆ ಎರಡು ಸಾವಿರದ ಆರುನೂರರ ಆಸುಪಾಸು. ದೀಪ ಆರಿಸಿ ಹಾರಿಸಿದಾಗ ನಳಿಗೆಯ ಬಾಯಲ್ಲಿ ಒಂದು ಹಿಡಿಯಷ್ಟು ಕಿತ್ತಳೆ ಬೆಂಕಿ ಕಂಡು ಮಾಯವಾಯಿತು. ಮಗಳು ರೈಫಲನ್ನು ಹೆಗಲಿಗೇರಿಸಿ ಎಡಕ್ಕೆ ಬಲಕ್ಕೆ ತಿರುಗಿಸಿ ನೋಡಿ, ಇದು ಚೆನ್ನಾಗಿದೆ ಎಂದಳು. ಮೇಸ್ತ್ರಿ ಗರಗಸವನ್ನು ಕೆಳಗಿಟ್ಟ.

"ಇಲ್ಲಿಗೆ ಸಾಕು," ಎಂದ. "ಉಳಿದಿದ್ದನ್ನ ಅಂದಾಜಿನ ಮೇಲೆ ಬರೆದುಕೊಡ್ತೀನಿ. ನನ್ನ ಅಂದಾಜು ತಪ್ಪಲ್ಲ."

"ಮತ್ತೆ ಅಂಥದೇ ಇನ್ನೊಂದು ಪಟ್ಟಿನಾ?"

ಅವಳು ಅದನ್ನು ಚುಚ್ಚಲೆಂದು ಹೇಳಿರಲಿಲ್ಲ. ಸಾಹೇಬರು ಕೇಳುವುದು ಹದಿನಾರರ ಅಂಕಿ, ಅದೇ ಇಲ್ಲದ ಪಟ್ಟಿ ಕೊಟ್ಟರೆ ಕಣ್ಣಿಗೆ ಮಣ್ಣೆರಚುತ್ತಿದ್ದೀರಿ ಎನ್ನುತ್ತಾರೆ, ಎಂದಷ್ಟೇ ಅವಳ ಅರ್ಥ. ಆದರೆ ಮೇಸ್ತ್ರಿಗೆ ಅದು ಮುಖಕ್ಕೆ ಹೊಡೆದ ಹಾಗಾಯಿತು. ದೊಡ್ಡ ತೋಟಾದ ಹಾಳು ನಳಿಗೆ ಏನಾದರೂ ಇದೆಯೇ ಎಂದು ಮೂಲೆಮೂಲೆ ಹುಡುಕಿದ. ಸಣ್ಣ ತೋಟಾದ್ದು ನಾಲ್ಕು ಸಿಕ್ಕಿದವು, ದೊಡ್ಡದರದು ಒಂದೂ ಇಲ್ಲ. ಕತ್ತರಿಸಿದ ಇಂಚನ್ನು ಮತ್ತೆ ಅಂಟಿಸಲಾಗುವುದಿಲ್ಲ ಎಂದು ಹೇಳಿದ. ನನಗೆ ಗೊತ್ತು, ಮಾಡು ಎಂದಳು. ಬೇರೆ ದಿನವಾಗಿದ್ದರೆ ಅವನು ಜಪ್ಪಯ್ಯ ಎಂದರೂ ಜಗ್ಗುತ್ತಿರಲಿಲ್ಲ. ಅವತ್ತು ತನ್ನ ಮಾತಿಗೆ ತೂಕವೇ ಇಲ್ಲ ಎಂದು ಅವನಿಗೇ ಅನ್ನಿಸಿತ್ತು. ಗರಗಸ ಎತ್ತಿಕೊಂಡ.

ಹದಿನೆಂಟಕ್ಕೆ ಎರಡು ಸಾವಿರದ ಐನೂರ ಮೂವತ್ತು. ಹದಿನಾರಕ್ಕೆ ಎರಡು ಸಾವಿರದ ನಾನೂರ ಐವತ್ತು. ದೀಪ ಆರಿಸಿದ ಮೇಲೆ ಮಗಳು ಹಾರಿಸಿದಾಗ ಇಡೀ ಕೋಣೆ ಬೆಳಗಿತು, ಮರಳಿನ ಚೀಲಗಳ ಹೊಲಿಗೆ ಕೂಡ ಕಂಡಿತು. ಕಿವಿಗೆ ದಪ್ಪ ಮುಚ್ಚಳ ಹಾಕಿಕೊಂಡಿದ್ದರೂ ಮೇಸ್ತ್ರಿಯ ತಲೆಯೊಳಗೆ ಗಂಟೆ ಬಾರಿಸಿದಂತಾಯಿತು. ಎರಡನೆಯದನ್ನು ಹೊಡಿ ಎಂದು ಕೂಗಿದ. ಮಗಳು ಹೊಡೆಯಲಿಲ್ಲ. ದೀಪ ಹಾಕಿದರೆ ಅವಳು ಕಣ್ಣು ಪಿಳಿಪಿಳಿ ಬಿಡುತ್ತ, ಚೀಲಗಳಿದ್ದ ಕಡೆ ಬಿಟ್ಟು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಳು. ಅವನು ಕೂಗಿದ್ದು ಅವಳಿಗೆ ಕೇಳಿಸಿರಲೇ ಇಲ್ಲ.

ಗುರುವಾರ ಸಾಹೇಬರು ಬಂದರು. ಸೋಫಾದಲ್ಲಿ ಕೂತು ಪಟ್ಟಿ ನೋಡಿದರು, ಆಮೇಲೆ ಗೋಡೆಯ ಮೇಲಿನ ಹಳೆಯ ಪಟ್ಟಿ ನೋಡಿದರು. ಎರಡಕ್ಕೂ ತಾಳಮೇಳವಿಲ್ಲವಲ್ಲ ಎಂದರು. ಮಗಳು ಬಾಯಿ ತೆರೆಯುವ ಮೊದಲೇ ಮೇಸ್ತ್ರಿ ಮುಂದೆ ಬಂದ.

"ಹಳೇದು ಸಣ್ಣ ತೋಟಾದ್ದು ಸಾರ್. ಯಾವ ತೋಟಾ ಅಂತ ನಾನು ಬರೀಲಿಲ್ಲ. ತಪ್ಪು ನನ್ನದು. ತಪ್ಪಿದೆ ಅಂತ ಗೊತ್ತಾದ ಕೂಡಲೇ ಅಳೀಲೇಬೇಕು ಅಂದವಳು ಇವಳು."

ಸಾಹೇಬರು ಅವಳ ಕಡೆ ಒಮ್ಮೆ ನೋಡಿದರು, ಒಳ್ಳೆಯ ನೋಟವೇ. ಉದ್ದ ಕೋಣೆಯಲ್ಲಿ ದೀಪ ಆರಿಸಿ ಒಂದು ಗುಂಡು ಹಾರಿಸಿ ತೋರಿಸಿದಾಗ ಎರಡು ಹೆಜ್ಜೆ ಹಿಂದಕ್ಕೆ ಹಾರಿ ಬಾಗಿಲಿಗೆ ಬೆನ್ನು ಕೊಟ್ಟರು. ಹೊರಗೆ ಬಂದವರೇ ಉಳಿದ ಹನ್ನೊಂದನ್ನೂ ಇಪ್ಪತ್ತಕ್ಕೆ ನಿಲ್ಲಿಸಿ ಎಂದರು. ಮೇಸ್ತ್ರಿಯ ಎದೆ ಹಗುರಾಯಿತು. ಜೀವನದಲ್ಲಿ ಮೊದಲ ಸಲ ಒಬ್ಬ ಮನುಷ್ಯ ಅವನ ಮಾತನ್ನು ಕೊನೆಯವರೆಗೂ ಕೇಳಿದ್ದ. ಅಷ್ಟರಲ್ಲಿ ಸಾಹೇಬರು ಮೇಜಿನ ಮೇಲಿದ್ದ ಗಿಡ್ಡ ರೈಫಲನ್ನು ತೋರಿಸಿ ಕೇಳಿದರು.

"ಇದೂ ಕೆಲಸ ಮಾಡುತ್ತಲ್ಲ?"

ಕೆಲಸ ಮಾಡುತ್ತದೆಯೇ? ಗುಂಡು ಹಾರುತ್ತದೆ, ನೇರ ಹೋಗುತ್ತದೆ, ಬಾಯಿ ನಯವಾಗಿದೆ, ಬಿರುಕಿಲ್ಲ. ಕೇಳಿದ ಪ್ರಶ್ನೆಗೆ ಸುಳ್ಳು ಹೇಳಿ ಮೇಸ್ತ್ರಿಗೆ ಅಭ್ಯಾಸವಿರಲಿಲ್ಲ. ಮೊನ್ನೆಯ ತಪ್ಪಿನ ಮೇಲೆ ಇನ್ನೊಂದು ಬೇಡ ಎಂದೂ ಇತ್ತು.

"ಮಾಡುತ್ತೆ ಸಾರ್. ಆದ್ರೆ..."

ಆದ್ರೆ ಎನ್ನುವುದರೊಳಗೆ ಸಾಹೇಬರು ಬಳಕೆಗೆ ಯೋಗ್ಯ ಎಂದು ಬರೆದು ಸಹಿ ಹಾಕಿ ಆಗಿತ್ತು. ಅವರ ಹತ್ತಿರವೂ ಎರಡು ನಿಮಿಷ ಇರಲಿಲ್ಲ.

ಆಮೇಲಿನ ಮೂರು ತಿಂಗಳು ಮೇಸ್ತ್ರಿ ಕಾಗದ ಬರೆದದ್ದೇ ಬರೆದದ್ದು. ಹನ್ನೊಂದು ರೈಫಲ್‌ಗಳನ್ನು ಇಪ್ಪತ್ತು ಇಂಚಿಗೆ ಅಚ್ಚುಕಟ್ಟಾಗಿ ಮಾಡಿ ಕಳಿಸಿದ. ಒಂದೊಂದನ್ನು ಮುಗಿಸಿದಾಗಲೂ ಹನ್ನೆರಡನೆಯದು ನೆನಪಾಗುತ್ತಿತ್ತು. ಹೊಸ ನಳಿಗೆ ಕೊಡಿಸಿ ಎಂದು ಅರ್ಜಿ ಹಾಕಿದ. ಈ ಮಾದರಿ ತಯಾರಾಗುವುದು ನಿಂತು ಒಂಬತ್ತು ವರ್ಷವಾಯಿತು ಎಂದು ಉತ್ತರ ಬಂತು. ಹಾಗಾದರೆ ಬೇರೆ ರೈಫಲ್ ಕೊಡಿ ಎಂದು ಬರೆದ. ಸದರಿ ರೈಫಲ್ ಅರ್ಜಿದಾರರ ಮಗಳ ಸ್ವಂತ ಸೂಚನೆಯ ಮೇರೆಗೆ ಅರ್ಜಿದಾರರಿಂದಲೇ ಮೊಟಕುಗೊಂಡಿದ್ದು, ಬಳಕೆಗೆ ಯೋಗ್ಯವೆಂದು ಅರ್ಜಿದಾರರೇ ತಿಳಿಸಿರುವುದರಿಂದ ಬದಲಿಸಲು ಕಾರಣ ಕಾಣುವುದಿಲ್ಲ ಎಂದು ಬಂತು. ಆ ಒಂದು ವಾಕ್ಯದಲ್ಲಿ ಮೂರು ಸಲ ಅರ್ಜಿದಾರ. ಮೇಸ್ತ್ರಿ ಅದನ್ನು ಹರಿಯಲಿಲ್ಲ, ಎಸೆಯಲಿಲ್ಲ. ಹೆಂಡತಿಗೆ ಓದಿ ಹೇಳಿ, ಹುಚ್ಚನ ಹಾಗೆ ಒಂದು ಸುತ್ತು ನಕ್ಕ. ಅವಳು ನಗಲಿಲ್ಲ. ಅದು ಕೆಲಸ ಮಾಡಲ್ಲ ಅಂತ ನೀವು ಅಂದಿದ್ರೆ ಆಗ್ತಿತ್ತು ಎಂದಳು. ಅಷ್ಟು ವರ್ಷ ಹೌದು ಅಲ್ಲ ಎನ್ನದವನು ಒಂದೇ ಸಲ ಹೌದು ಎಂದಿದ್ದ, ಅದೂ ಎನ್ನಬಾರದ ಕಡೆ.

ಮಗಳಿಗೆ ಫೋನ್ ಮಾಡಿ, ಯಾರ ಜೊತೆಗಾದರೂ ಅದಲು ಬದಲು ಮಾಡಿಕೋ, ನಿನಗಿಂತ ಎತ್ತರದವರು, ಗಟ್ಟಿ ಕಿವಿಯವರು ಯಾರಾದರೂ ಇರುತ್ತಾರೆ ಎಂದ. ಯಾರಿಗೆ ಕೊಡಲಿ ಹೇಳು ಎಂದಳು. ಹನ್ನೊಂದು ಜನರ ಹೆಂಡತಿ ಮಕ್ಕಳು ಎಲ್ಲರ ಪರಿಚಯವೂ ಅವನಿಗಿತ್ತು. ತಂಡದವರು ಹೇಗಿದ್ದಾರೆ ಎಂದು ಮಾತು ತಿರುಗಿಸಿದ. ತಂಡದಲ್ಲಿ ಈಗ ಅವಳನ್ನು ಯಾರೂ ಅರ್ಧ ಟಿಕೆಟ್ ಎನ್ನುವುದಿಲ್ಲವಂತೆ. ಅವಳು ಮಾಡಿಸಿಕೊಟ್ಟ ರೈಫಲ್ ಎಲ್ಲರಿಗೂ ಒಗ್ಗಿದೆಯಂತೆ. ಅದನ್ನು ಅವಳು ಸಂತೋಷದಿಂದಲೇ ಹೇಳಿದಳು. ಮೇಸ್ತ್ರಿಗೆ ಸಂತೋಷಪಡಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ.

ಒಂದು ಭಾನುವಾರ ಅವಳು ರಜೆಯಲ್ಲಿ ಬಂದಳು. ಗುರಿ ಸ್ವಲ್ಪ ಬಲಕ್ಕೆ ಹೋಗುತ್ತಿದೆ, ಸರಿಮಾಡಿಕೊಡು ಎಂದು ರೈಫಲನ್ನು ತಂದಿದ್ದಳು. ಅಂಗಡಿಗೆ ರಜೆ, ಭಾವ ಇರಲಿಲ್ಲ. ಮೇಸ್ತ್ರಿ ಗುರಿಕಡ್ಡಿಯನ್ನು ಕೂದಲೆಳೆಯಷ್ಟು ಸರಿಸಿ, ಹಾರಿಸಿ ನೋಡಿ, ಮತ್ತೆ ಸರಿಸಿದ. ಎಲ್ಲ ಮುಗಿದ ಮೇಲೂ ಅದನ್ನು ಅವಳ ಕೈಗೆ ಕೊಡಲು ಅವನಿಗೆ ಮನಸ್ಸಾಗಲಿಲ್ಲ.

"ಬೇಜಾರು ಮಾಡ್ಕೋಬೇಡಪ್ಪ," ಎಂದಳು. "ಪೊದೆಯೊಳಗೆ ಎಲ್ಲರದಕ್ಕಿಂತ ಬೇಗ ತಿರುಗೋದು ಇದೇ."

"ಮೊದಲನೇ ಗುಂಡಿಗೆ ಹೌದು. ಅದನ್ನ ನಂಬು. ಆಮೇಲೆ ನಿನಗೆ ಏನೂ ಕಾಣಲ್ಲ, ಏನೂ ಕೇಳಲ್ಲ. ಎರಡನೇದು ಇದೆ ಅಂತ ಅಂದ್ಕೋಲೇಬೇಡ."

"ಐದು ತುಂಬಿಕೊಂಡು ಹೋಗ್ತೀನಲ್ಲ."

"ತುಂಬಿಕೋ. ಒಂದೇ ಇದೆ ಅಂದ್ಕೋ. ಹೊಡೆದ ಮೇಲೆ ನಿಂತ ಜಾಗದಲ್ಲಿ ನಿಲ್ಲಬೇಡ. ಹಂದಿ ನುಗ್ಗೋದು ನೀನು ನಿಂತಿದ್ದ ಕಡೆಗೇ."

ಅವನು ರೈಫಲಿನಲ್ಲಿ ತೋಟಾ ಇಲ್ಲವೆಂದು ಎರಡು ಸಲ ನೋಡಿ ಅವಳನ್ನು ಉದ್ದ ಕೋಣೆಗೆ ಕರೆದುಕೊಂಡು ಹೋದ. ನಡುವೆ ಒಂದು ಖಾಲಿ ಪೆಟ್ಟಿಗೆ, ಎರಡು ಸ್ಟೂಲು, ಒಂದು ಹಳೆಯ ಟೈರು ಅಡ್ಡಾದಿಡ್ಡಿ ಇಟ್ಟ. ಹತ್ತಿ ಉಂಡೆ ಮಾಡಿ ಅವಳ ಕಿವಿಗೆ ತುರುಕಿದ. ತಾನು ದೀಪದ ಸ್ವಿಚ್ಚಿನ ಹತ್ತಿರ ನಿಂತ. ಅವಳು ಖಾಲಿ ರೈಫಲನ್ನು ಹೆಗಲಿಗೇರಿಸಿ ಟ್ರಿಗರ್ ಎಳೆದಾಗ ಟಕ್ ಎಂದಿತು, ಅವನು ದೀಪ ಆರಿಸಿದ. ಕತ್ತಲಲ್ಲಿ ಅವಳು ಎಡಕ್ಕೆ ಸರಿದು ಸ್ಟೂಲಿಗೆ ಎಡವಿ ಬಿದ್ದಳು. ದೀಪ ಹಾಕಿದ. ಮೊಣಕಾಲು ಒರೆಸಿಕೊಂಡು ಎದ್ದಳು. ಮತ್ತೆ ಟಕ್, ಮತ್ತೆ ಕತ್ತಲು. ಹೊಡೆಯುವ ಮೊದಲೇ ಹೆಜ್ಜೆ ಇಡುವ ಜಾಗ ನೋಡಿಕೊಂಡಿರು ಎಂದು ಅವಳ ಕಿವಿಯ ಹತ್ತಿರ ಬಾಯಿಟ್ಟು ಹೇಳಿದ. ಸಾಮಾನುಗಳನ್ನು ಬೇರೆ ಬೇರೆ ಕಡೆ ಸರಿಸಿದ. ಅವಳು ಗೋಡೆಗೆ ಬಡಿದಳು, ಟೈರಿಗೆ ಎಡವಿದಳು, ಒಮ್ಮೆ ಅವನ ಮೇಲೇ ಬಿದ್ದಳು. ಇಬ್ಬರೂ ಬೆವರಿ ತೊಪ್ಪೆಯಾದರು. ಹೋದ ಎಂಟು ಇಂಚನ್ನು ವಾಪಸ್ ಕೊಡುವುದು ಅವನ ಕೈಯಲ್ಲಿರಲಿಲ್ಲ. ಕೈಯಲ್ಲಿದ್ದದ್ದು ಆ ಸ್ವಿಚ್ಚು ಒಂದೇ.

ಸಂಜೆಯ ಬಸ್ಸಿಗೆ ಹೊತ್ತಾಯಿತು ಎಂದು ಅವಳು ಕಿವಿಯ ಹತ್ತಿ ತೆಗೆಯಲು ಹೋದಳು. ಮೇಸ್ತ್ರಿ ಬೇಡವೆಂದು ಕೈಯಾಡಿಸಿ, ಪೆಟ್ಟಿಗೆಯನ್ನು ಎತ್ತಿ ಹೊಸ ಜಾಗದಲ್ಲಿ ಇಟ್ಟ. ಅವಳು ನಿಟ್ಟುಸಿರು ಬಿಟ್ಟು ರೈಫಲ್ ಎತ್ತಿದಳು. ಟಕ್ ಎಂದಿತು. ಅವನು ದೀಪ ಆರಿಸಿ ಉಸಿರು ಬಿಗಿಹಿಡಿದು ಎಣಿಸಿದ: ಎಡಕ್ಕೆ ಒಂದು ಹೆಜ್ಜೆ, ಎರಡು. ಏನೂ ಬೀಳಲಿಲ್ಲ, ಏನೂ ತಗಲಲಿಲ್ಲ.

"ಇನ್ನೊಂದ್ಸಲ," ಎಂದ. ಅವಳಿಗೆ ಕೇಳಿಸುವುದಿಲ್ಲ ಎಂದು ಗೊತ್ತಿದ್ದೂ ಎಂದ.